ತುಂಬಿಸಿಕೊಂಡು ಬಳಸುವ ಕಾಲ ಹೋಯಿತಾ?

ಹೋದ ಸಲ ಊರಿಗೆ ಹೋದಾಗ ತಂಗಿಯ ಮಗನಿಗೆ ಒಂದು ಡಿಯೋಡರೆಂಟ್ ಒಯ್ದಿದ್ದೆ. ಇಲ್ಲಿ ಇಂಗ್ಲೆಂಡಿನಲ್ಲಿ ನಾನು ದಿನಾ ಬಳಸುವಂಥದ್ದೇ. ಅಲ್ಯೂಮಿನಿಯಂ ಡಬ್ಬಿಯನ್ನು ಒಂದೇ ಸಲ ಕೊಳ್ಳುವುದು. ಒಳಗಿನ ಸ್ಟಿಕ್ ಸವೆದು ಮುಗಿದ ಮೇಲೆ ಸ್ಟಿಕ್ ಒಂದನ್ನೇ ತಂದು ಅದೇ ಡಬ್ಬಿಗೆ ಹಾಕಿಕೊಳ್ಳುವುದು. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾಮ, ಖಾಲಿ ಆದ್ಮೇಲೆ ಮತ್ತೆ ಇದನ್ನೇ ತುಂಬಿಸ್ಕೋಬೇಕಾ?" ಅಂದ. ಹೌದು ಕಣೋ ಅಂದೆ. ಅವನು ಮುಂದಕ್ಕೆ ಏನೂ ಹೇಳಲಿಲ್ಲ. ಆಮೇಲೆ ತಂಗಿ ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡ ಅಣ್ಣ. ಹಾಸ್ಟೆಲ್‌ನಲ್ಲಿ ಇದನ್ನ ಇಟ್ಕೊಂಡ್ರೆ ಹುಡುಗರು ಆಡ್ಕೋತಾರೆ. ತುಂಬಿಸ್ಕೊಂಡು ಬಳಸೋ ಕಾಲ ಹೋಯ್ತಲ್ವಾ?"

ಬೇಜಾರು ಆಯಿತು. ಉಡುಗೊರೆ ಹಿಡಿಸಲಿಲ್ಲ ಅಂತಲ್ಲ. ಆ ಕೊನೆಯ ಮಾತು ಚುಚ್ಚಿತು. ನಾನು ಬಂದು ನೆಲೆಸಿರುವ ಊರಿನಲ್ಲಿ ಆ ಕಾಲ ಈಗ ಶುರುವಾಗುತ್ತಿದೆ.

ಇಲ್ಲಿ ನಮ್ಮ ಆಫೀಸಿನ ಸ್ನಾನದ ಮನೆ ಪಕ್ಕ ಬಟ್ಟೆ ಬದಲಾಯಿಸುವ ಕೋಣೆ ಇದೆ. ಸೈಕಲ್ಲಿನಲ್ಲಿ ಬರುವವರು ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ನನಗಿಂತ ಎಷ್ಟೋ ಮೇಲಿನ ಹುದ್ದೆಯಲ್ಲಿರುವ ಒಬ್ಬರ ಬಳಿ ಇಂಥದ್ದೇ ಡಬ್ಬಿ ಇದೆ. ಬಣ್ಣ ಎದ್ದುಹೋಗಿ ಅಂಚಿನಲ್ಲಿ ಬರೀ ಲೋಹ ಕಾಣುತ್ತದೆ. ಒಂದು ಕಡೆ ತಗ್ಗಾಗಿದೆ. ಅದನ್ನು ಎಲ್ಲರ ಎದುರೇ ಬೆಂಚಿನ ಮೇಲಿಟ್ಟು, ತಳ ಬಿಚ್ಚಿ, ಹೊಸ ಸ್ಟಿಕ್ ಕೂರಿಸಿಕೊಳ್ಳುತ್ತಾರೆ. ಎಷ್ಟು ವರ್ಷದ್ದು ಅಂತ ಯಾರಾದರೂ ಕೇಳಿದರೆ ಮುಖ ಅರಳುತ್ತದೆ. ನಮ್ಮ ಕಡೆ ತಗ್ಗಾದ ಪಾತ್ರೆಯನ್ನು ನೆಂಟರು ಬರುವ ಹೊತ್ತಿಗೆ ಅಟ್ಟಕ್ಕೆ ಹಾಕುತ್ತೇವೆ.

ಈ ಸ್ಟಿಕ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಏಕೆಂದರೆ ಊರಿನಲ್ಲಿ ಇದನ್ನು ಸೆಂಟು ಅಂತಲೇ ತಿಳಿಯುತ್ತಾರೆ. ಬೆವರಿಗೆ ತನ್ನದೇ ಆದ ವಾಸನೆ ಹೆಚ್ಚುಕಡಿಮೆ ಇಲ್ಲ. ಕಂಕುಳಲ್ಲಿ ಬದುಕುವ ಬ್ಯಾಕ್ಟೀರಿಯಾ ಆ ಬೆವರನ್ನು ಒಡೆದಾಗ ನಾತ ಹುಟ್ಟುತ್ತದೆ. ಸ್ಟಫೈಲೊಕಾಕಸ್ ಹೊಮಿನಿಸ್ ಅನ್ನುವ ಬ್ಯಾಕ್ಟೀರಿಯಾದ ಯಾವ ಕಿಣ್ವ ಇದನ್ನು ಮಾಡುತ್ತದೆ ಅಂತ ಯಾರ್ಕ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿಕೊಟ್ಟರು. ಆಂಟಿಪರ್ಸ್ಪಿರೆಂಟ್ ಅನ್ನುವುದು ಅಲ್ಯೂಮಿನಿಯಂ ಲವಣದಿಂದ ಬೆವರಿನ ದಾರಿಯನ್ನೇ ಮುಚ್ಚುತ್ತದೆ. ನಾನು ಬಳಸುವ ಡಿಯೋಡರೆಂಟ್ ಬೆವರನ್ನು ತಡೆಯುವುದಿಲ್ಲ, ನಾತಕ್ಕೆ ಮಾತ್ರ ಅಡ್ಡ ನಿಲ್ಲುತ್ತದೆ. ಸ್ನಾನ ಮಾಡಿ, ಒರೆಸಿಕೊಂಡು, ಚರ್ಮ ಒಣಗಿದ ಮೇಲೆ ಎರಡು ಸಲ ಸವರಿದರೆ ಸಾಕು.

ತಂಗಿಯ ಮಗ ಏನು ಮಾಡುತ್ತಾನೆ ಗೊತ್ತಾ? ಶರಟು ಹಾಕಿಕೊಂಡು, ಗುಂಡಿ ಹಾಕಿ, ಅದರ ಮೇಲೆ ಡಬ್ಬಿಯಿಂದ ಬುಸ್ ಅಂತ ಸ್ಪ್ರೇ ಹೊಡೆದುಕೊಳ್ಳುತ್ತಾನೆ. ಕುತ್ತಿಗೆಗೆ, ಎದೆಗೆ, ಬೆನ್ನಿಗೆ. ಕೋಣೆಯೆಲ್ಲ ಘಮಘಮ. ಕಂಕುಳಲ್ಲಿರುವ ಬ್ಯಾಕ್ಟೀರಿಯಾಕ್ಕೆ ಅದು ತಾಗುವುದೇ ಇಲ್ಲ. ಸಾಮಾನ್ಯ ಸ್ಪ್ರೇ ಡಬ್ಬಿಯಿಂದ ಹೊರಬರುವುದರಲ್ಲಿ ದೊಡ್ಡ ಪಾಲು ಬ್ಯೂಟೇನ್, ಪ್ರೊಪೇನ್‌ನಂಥ ಅನಿಲ, ಒಲೆಯಲ್ಲಿ ಉರಿಯುವ ಜಾತಿಯದ್ದೇ. ನಮ್ಮ ಡಬ್ಬಿಯಲ್ಲಿ ಗ್ಯಾಸ್ ಇಲ್ಲ ಅಂತ ಹೇಳಿಕೊಂಡೇ ಮಾರುಕಟ್ಟೆ ಗೆದ್ದ ಸ್ಪ್ರೇ ನಮ್ಮ ದೇಶದಲ್ಲಿದೆ. ಹಾಗಾದರೆ ಜನರಿಗೆ ಇದು ಗೊತ್ತಿಲ್ಲ ಅಂತಲ್ಲ. ಆದರೂ ಅವನ ಕಪಾಟಿನ ಮೇಲೆ ಖಾಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು. ಎಸೆಯುವ ಮುಂಚೆ ಬಂದವರು ನೋಡಲಿ ಅಂತ ಇಟ್ಟಹಾಗಿತ್ತು.

ನನಗೆ ಸಿಟ್ಟು ಬರುವುದು ಇಲ್ಲಿ. ತುಂಬಿಸಿ ಬಳಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪ್ರತಿ ಅಡುಗೆಮನೆಯಲ್ಲೂ 14.2 ಕಿಲೋ ಸಿಲಿಂಡರ್ ಇದೆ. ಖಾಲಿ ಕೊಟ್ಟು ತುಂಬಿದ್ದು ತೆಗೆದುಕೊಳ್ಳುತ್ತೇವೆ. ಅದರ ಬಣ್ಣ ಹೋಗಿರುತ್ತದೆ, ತಳ ತುಕ್ಕು ಹಿಡಿದಿರುತ್ತದೆ, ಯಾರ ಮನೆಯಲ್ಲಿ ಉರಿದು ಬಂತೋ ಯಾರೂ ಕೇಳುವುದಿಲ್ಲ. 20 ಲೀಟರಿನ ನೀರಿನ ಕ್ಯಾನೂ ಹಾಗೇ. ಶಾಲೆಯಲ್ಲಿ ಪೆನ್ನಿನ ರೀಫಿಲ್ ಹಾಕಿಕೊಂಡೇ ಓದಿದವರು ನಾವು. ರೀಫಿಲ್ ಉದ್ದವಾದರೆ ಹಿಂದುಗಡೆ ಬ್ಲೇಡಿನಲ್ಲಿ ಕತ್ತರಿಸುತ್ತಿದ್ದೆವು. ಗಿಡ್ಡವಾದರೆ ಕಾಗದದ ಉಂಡೆ ತುರುಕುತ್ತಿದ್ದೆವು. ಇಷ್ಟೆಲ್ಲ ಕೈಗೆ ಬಂದ ಜನಕ್ಕೆ ಡಿಯೋಡರೆಂಟ್ ಡಬ್ಬಿ ತುಂಬಿಸುವುದು ಯಾಕೆ ಅವಮಾನ ಆಗಬೇಕು?

ಕಾನೂನಿನಲ್ಲಿ ನಾವು ಹಿಂದೆ ಬಿದ್ದವರೂ ಅಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಇಂಗ್ಲೆಂಡ್ ನಿಷೇಧಕ್ಕೆ ಕೈಹಾಕದೆ, 2015ರಿಂದ ದೊಡ್ಡ ಅಂಗಡಿಗಳಲ್ಲಿ ಚೀಲಕ್ಕೆ ಚಿಲ್ಲರೆ ದುಡ್ಡು ಕೇಳಲು ಶುರುಮಾಡಿತು ಅಷ್ಟೆ. ಇವತ್ತು ಇಲ್ಲಿ ಸೂಟು ಹಾಕಿದವರೂ ಮನೆಯಿಂದ ಮಡಚಿದ ಬಟ್ಟೆ ಚೀಲ ತರುತ್ತಾರೆ. ನಮ್ಮ ಕಡೆ ಅಮ್ಮಂದಿರ ಕಾಲದಲ್ಲಿ ವೈರ್ ಬುಟ್ಟಿ ಇಲ್ಲದೆ ಯಾರೂ ಸಂತೆಗೆ ಹೋಗುತ್ತಿರಲಿಲ್ಲ. ಈಗ ಕೈ ಬೀಸಿಕೊಂಡು ಹೋಗುವುದೇ ಸ್ಟೈಲು.

ಇಲ್ಲಿನ ಎಲ್ಲವೂ ಚೆನ್ನ ಅಂತ ಹೇಳಲಾರೆ. ನಾನು ಮೊದಲು ಕೊಂಡ ಸ್ಟಿಕ್‌ನಲ್ಲಿ ಅಡುಗೆ ಸೋಡ ಜಾಸ್ತಿ ಇತ್ತು. ಚರ್ಮದ ಗುಣ ಸ್ವಲ್ಪ ಹುಳಿ, ಸೋಡ ಅದಕ್ಕೆ ಉಲ್ಟಾ. ಕಂಕುಳು ಕೆಂಪಾಗಿ ಉರಿಯಿತು. ಸೋಡ ಇಲ್ಲದ್ದಕ್ಕೆ ಬದಲಾಯಿಸಿದೆ, ಸರಿಹೋಯಿತು. ಆಮೇಲೆ ಇನ್ನೊಂದು ಕಂಪನಿಯ ಸ್ಟಿಕ್ ಪರಿಮಳ ಹಿಡಿಸಿ ತಂದೆ. ನನ್ನ ಡಬ್ಬಿಗೆ ಅದು ಕೂರಲೇ ಇಲ್ಲ. ಒಬ್ಬರದ್ದು ದುಂಡಗೆ, ಇನ್ನೊಬ್ಬರದ್ದು ಮೊಟ್ಟೆ ಆಕಾರ. ಒಬ್ಬರದ್ದು ಒತ್ತಿದರೆ ಕೂರುತ್ತದೆ, ಇನ್ನೊಬ್ಬರದ್ದು ತಿರುಪಬೇಕು. ಡಬ್ಬಿ ಒಂದು ಸಲ ಕೊಂಡರೆ ಆ ಕಂಪನಿಗೇ ಕಟ್ಟುಬಿದ್ದಹಾಗೆ. ಬ್ಲೇಡು, ಕಾಗದದ ಉಂಡೆಗೆ ಇಲ್ಲಿ ಜಾಗವಿಲ್ಲ. ಈ ವಿಷಯದಲ್ಲಿ ನಮ್ಮೂರಿನ ಎಣ್ಣೆ ಸೀಸೆಯೇ ಎಷ್ಟೋ ವಾಸಿ, ಯಾರ ಗಾಣದ ಎಣ್ಣೆಯನ್ನಾದರೂ ತುಂಬಿಸಿಕೊಳ್ಳಬಹುದಿತ್ತು.

ಆ ಸೀಸೆ ಮೂಲೆಗೆ ಹೋದದ್ದಕ್ಕೂ ಕಾರಣವಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರಿಶಿನ ದತ್ತೂರಿ (ಆರ್ಜಿಮೋನ್) ಬೀಜದ ಎಣ್ಣೆ ಬೆರೆಸಿ ಮಾರಿ 60ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕು ಅಂತ ಕೇಂದ್ರ ಸರಕಾರ ಆದೇಶ ತಂದಿತು. ಸೀಲು ಒಡೆಯದ ಪೊಟ್ಟಣದ ಮೇಲೆ ನಮ್ಮವರಿಗೆ ನಂಬಿಕೆ ಬಂದದ್ದು ಸುಮ್ನೆ ಅಲ್ಲ.

ಹವೆಯ ವಿಷಯವೂ ಇದೆ. ಈ ಸ್ಟಿಕ್‌ಗಳಲ್ಲಿ ತೆಂಗಿನೆಣ್ಣೆ, ಶಿಯಾ ಅನ್ನುವ ಆಫ್ರಿಕಾದ ಮರದ ಬೀಜದಿಂದ ತೆಗೆದ ಬೆಣ್ಣೆ ಹೆಚ್ಚು. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುತ್ತದೆ. ಇಲ್ಲಿ ವರ್ಷದಲ್ಲಿ ಹೆಚ್ಚು ಕಾಲ ಅದು ಕಲ್ಲಿನ ಹಾಗೆ, ಚಮಚದಲ್ಲಿ ಕೆರೆದು ತೆಗೆಯಬೇಕು. ನಮ್ಮ ಏಪ್ರಿಲ್ ತಿಂಗಳಲ್ಲಿ? ನಾನು ಕೊಟ್ಟದ್ದು ಕಪಾಟಿನಲ್ಲೇ ಮೆತ್ತಗಾಗಿ ಡಬ್ಬಿಯ ಅಂಚಿನಿಂದ ಇಳಿದಿತ್ತು. ತಂಗಿ ಫೋಟೊ ಕಳಿಸಿದ್ದಳು. ಹಾಗಾಗಿ ಹುಡುಗ ಬಳಸಲಿಲ್ಲ ಅಂತ ಪೂರ್ತಿ ದೂರುವುದಕ್ಕೂ ಬರುವುದಿಲ್ಲ.

ತಂಗಿಯ ಮಾತನ್ನೂ ಈಗ ಬೇರೆ ರೀತಿ ನೋಡುತ್ತೇನೆ. ಚಿಕ್ಕಂದಿನಲ್ಲಿ ಸೀಮೆಎಣ್ಣೆ ಕ್ಯಾನು ಹಿಡಿದು ಸೊಸೈಟಿ ಮುಂದೆ ಕ್ಯೂ ನಿಂತವಳು ಅವಳು. ನಾನು ಓದುವ ಹುಡುಗ ಅಂತ ಮನೆಯಲ್ಲಿ ಅವಳನ್ನೇ ಕಳಿಸುತ್ತಿದ್ದರು. ಕ್ಯಾನಿನ ಬಾಯಿಗೆ ಬಟ್ಟೆ ಚೂರು ಸುತ್ತಿದ್ದರೂ ಎಣ್ಣೆ ಜಿನುಗುತ್ತಿತ್ತು. ಕೈಗೆ ಎಷ್ಟು ಸೋಪು ಹಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು ಅಂತ ಒಂದು ದಿನ ಅತ್ತುಕೊಂಡು ಬಂದಿದ್ದಳು. ತುಂಬಿಸಿಕೊಂಡು ಬಳಸುವುದು ಅಂದರೆ ಅವಳ ಪಾಲಿಗೆ ಆ ಕ್ಯೂ, ಆ ಕೈ. ನನ್ನ ಆಫೀಸಿನ ದೊಡ್ಡವರಿಗೆ ಅಂಥ ನೆನಪಿಲ್ಲ. ಅದಕ್ಕೇ ತಗ್ಗಾದ ಡಬ್ಬಿಯನ್ನು ಎಲ್ಲರ ಎದುರು ಇಡಲು ಅವರಿಗೆ ಧೈರ್ಯ. ಇದನ್ನು ಅವಳಿಗೆ ಬಿಡಿಸಿ ಹೇಳಿಲ್ಲ, ಆದರೆ ಅವಳ ಮೇಲೆ ಬಂದ ಸಿಟ್ಟು ಇಳಿದಿದೆ.

ಹುಡುಗನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಅವನು ಯಾವ ಕ್ಯೂನಲ್ಲೂ ನಿಂತವನಲ್ಲ. ಅವನ ಓರಗೆಯವರು ಇಲ್ಲಿ ಇದನ್ನು ಹೆಮ್ಮೆಯಿಂದ ಮಾಡುತ್ತಿದ್ದಾರೆ. ಅವನಿಂದಲೂ ಆಗುತ್ತದೆ, ಆಗಬೇಕು.

ಅದಕ್ಕೆ ಊರಿನ ಸೆಕೆಗೆ ತಾಳುವ ಸ್ಟಿಕ್ ಬೇಕು, ಅದು ಕಷ್ಟವೂ ಅಲ್ಲ. ಇಲ್ಲಿನ ಎಷ್ಟೋ ಸ್ಟಿಕ್‌ಗಳಲ್ಲಿ ನಾತ ಹಿಡಿದಿಡುವ ಜಿಂಕ್ ರಿಸಿನೋಲಿಯೇಟ್ ಅನ್ನುವುದು ಹರಳೆಣ್ಣೆಯಿಂದ ಆಗುವಂಥದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದೇ. ಅದೇ ಹರಳೆಣ್ಣೆಯನ್ನು ಗಟ್ಟಿ ಮಾಡಿ ತೆಗೆಯುವ ಮೇಣ 80 ಡಿಗ್ರಿ ದಾಟುವ ತನಕ ಕರಗುವುದಿಲ್ಲ. ಆ ಮೇಣ ಸ್ಟಿಕ್‌ಗಳಲ್ಲಿ ಬಳಕೆಯಲ್ಲೂ ಇದೆ. ನಮ್ಮವರೇ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಇಲ್ಲಿಯವರು ಮಾಡಿದ ತಪ್ಪನ್ನು ಮಾಡದಿರಲಿ. 20 ಲೀಟರಿನ ಕ್ಯಾನು ಯಾವ ಕಂಪನಿಯದ್ದಾದರೂ ಮನೆಯ ಡಿಸ್ಪೆನ್ಸರ್ ಮೇಲೆ ಕೂರುತ್ತದಲ್ವಾ, ಹಾಗೆ ಯಾರ ಸ್ಟಿಕ್ ಆದರೂ ಯಾರ ಡಬ್ಬಿಗಾದರೂ ಕೂರುವಂತೆ ಮೊದಲೇ ಅಳತೆ ಒಂದೇ ಇಟ್ಟುಕೊಳ್ಳಲಿ.