ಐದು ಸೆಂಟಿನ ಸಹಭಾಗಿತ್ವ

ಯುರೋಪಿಯನ್ ಒಕ್ಕೂಟವು ಹಿಂದೂ ಮಹಾಸಾಗರದ ಪುಟ್ಟ ದೇಶವಾದ ಸೀಶೆಲ್ಸ್ ದ್ವೀಪಗಳ ಮೇಲೆ ಹರಿಸುತ್ತ ಬಂದಿರುವ ಕಾರುಣ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. 2020ರ ಫೆಬ್ರುವರಿ 24ರಂದು ಸಹಿ ಬಿದ್ದ, ‘ಸುಸ್ಥಿರ ಮೀನುಗಾರಿಕಾ ಸಹಭಾಗಿತ್ವ’ವೆಂಬ ಮಂಗಳಕರ ಹೆಸರಿನ ಆರು ವರ್ಷಗಳ ಒಪ್ಪಂದವನ್ನೇ ನೋಡಿ. ಸ್ಪೇನ್, ಫ್ರಾನ್ಸುಗಳ ದೈತ್ಯ ಹಡಗುಗಳು ವರ್ಷಕ್ಕೆ 50,000 ಟನ್ ಟ್ಯೂನಾ ಮೀನು ಹಿಡಿಯುವುದೆಂದು ಅಂದಾಜಿಸಿ, ಒಕ್ಕೂಟವು ವರ್ಷಕ್ಕೆ 53 ಲಕ್ಷ ಯುರೋ ಕೊಡಲು ಒಪ್ಪಿತು. ಇದರಲ್ಲಿ 25 ಲಕ್ಷ ಆ ಕಡಲಿಗೆ ಇಳಿಯುವ ಹಕ್ಕಿಗೆ, ಮಿಕ್ಕ 28 ಲಕ್ಷ ಸ್ಥಳೀಯ ಮೀನುಗಾರಿಕೆಯ ಅಭಿವೃದ್ಧಿಗೆ. ಹಕ್ಕಿನ ಹಣವನ್ನು ಭಾಗಿಸಿದರೆ ಕಿಲೋ ಮೀನಿಗೆ ಐದು ಸೆಂಟು, ಅಂದರೆ ಒಂದು ಯುರೋದ ಇಪ್ಪತ್ತನೇ ಒಂದು ಭಾಗ, ಬೀಳುತ್ತದೆ. ಹಡಗಿನ ಒಡೆಯರು ಟನ್ನಿನ ಲೆಕ್ಕದಲ್ಲಿ ಬೇರೆ ಶುಲ್ಕ ಕಟ್ಟುತ್ತಾರೆ, ನಿಜ. ಅದನ್ನು ಕೂಡಿಸಿದರೂ ಆ ದುಡ್ಡಿಗೆ ಯುರೋಪಿನ ಅಂಗಡಿಯಲ್ಲಿ ಒಂದು ಡಬ್ಬಿ ಟ್ಯೂನಾ ಸಿಗಲಾರದು. ಕಿರಾಣಿ ಅಂಗಡಿಗೆ ಬಂದ ಗಿರಾಕಿ, ತಾನು ಕೊಡಬೇಕಾದ ಹಣದಲ್ಲಿ ಅರ್ಧವನ್ನು ‘ನಿಮ್ಮ ಮಕ್ಕಳ ಓದಿಗೆ ನನ್ನ ಕಾಣಿಕೆ’ ಎಂದು ಬರೆಸಿ ರಶೀದಿ ಕೇಳುವ ವೈಖರಿಯಿದು.

ಸಹಿಗೆ ಆರು ದಿನ ಮೊದಲು, ಅದೇ ಒಕ್ಕೂಟದ ಹಣಕಾಸು ಮಂತ್ರಿಗಳು ಸೀಶೆಲ್ಸನ್ನು ತೆರಿಗೆ ವಿಷಯದಲ್ಲಿ ಸಹಕರಿಸದ ದೇಶಗಳ ಕಪ್ಪುಪಟ್ಟಿಗೆ ಸೇರಿಸಿದ್ದರು. 2021ರಲ್ಲಿ ತೆಗೆದರು, 2023ರಲ್ಲಿ ಮತ್ತೆ ಸೇರಿಸಿದರು, 2024ರಲ್ಲಿ ಮತ್ತೆ ತೆಗೆದರು. ಹೀಗೆ ಹಣದ ಮೇಲೆ ಅನುಮಾನ ಬರುತ್ತ ಹೋಗುತ್ತ ಇದ್ದರೂ ಮೀನಿನ ಮೇಲಿನ ವಿಶ್ವಾಸ ಮಾತ್ರ ಒಂದು ದಿನಕ್ಕೂ ಕದಲಲಿಲ್ಲ. ಇದಕ್ಕೂ ಮೊದಲು, 2018ರಲ್ಲಿ, ತಲಾ ಆದಾಯ ಏರಿತೆಂಬ ಕಾರಣಕ್ಕೆ ಶ್ರೀಮಂತ ದೇಶಗಳ ಕೂಟವು ಅಭಿವೃದ್ಧಿ ನೆರವಿಗೆ ಅರ್ಹವಾದ ದೇಶಗಳ ಪಟ್ಟಿಯಿಂದ ಸೀಶೆಲ್ಸನ್ನು ಕೈಬಿಟ್ಟಿತ್ತು. ಏರುತ್ತಿರುವ ಕಡಲು ತಲಾ ಆದಾಯದ ಅಂಕಿಯನ್ನು ಓದಿ ದಡದಿಂದ ಹಿಂದೆ ಸರಿಯುವುದೆಂದು ಆ ತಜ್ಞರು ನಂಬಿರಬೇಕು.

ಈ ಕಡಲಿನ ಟ್ಯೂನಾ ಹಿಡಿಯಲು ಹಲವು ದೇಶಗಳು ಕೂಡಿ ನಿಯಮ ಮಾಡುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ಕಚೇರಿಯಿರುವುದು ಸೀಶೆಲ್ಸಿನ ರಾಜಧಾನಿ ವಿಕ್ಟೋರಿಯಾದಲ್ಲಿಯೇ. ಈ ದೊಡ್ಡ ಹಡಗುಗಳು ಕಡಲಲ್ಲಿ ತೆಪ್ಪಗಳನ್ನು ತೇಲಿಬಿಟ್ಟು, ಅವುಗಳ ನೆರಳಿಗೆ ಬಂದು ಸೇರುವ ಮೀನುಗಳನ್ನು ಮರಿಗಳ ಸಮೇತ ಬಲೆಯಲ್ಲಿ ಸುತ್ತಿಕೊಳ್ಳುತ್ತವೆ. ವರ್ಷಕ್ಕೆ 72 ದಿನ ಈ ತೆಪ್ಪಗಳ ಬಳಿ ಮೀನು ಹಿಡಿಯಬಾರದೆಂದು 2023ರ ಫೆಬ್ರುವರಿಯಲ್ಲಿ ಕೀನ್ಯಾದ ಮೊಂಬಾಸಾದಲ್ಲಿ ಸೇರಿದ ಆಯೋಗವು ಬಹುಮತದಿಂದ ನಿರ್ಣಯಿಸಿತು. ಒಕ್ಕೂಟ ಆಕ್ಷೇಪ ಸಲ್ಲಿಸಿತು. ಆಕ್ಷೇಪಿಸಿದವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಒಕ್ಕೂಟದ ಹಣ ಪಡೆಯುವ ಕೆಲವು ತೀರದ ದೇಶಗಳೂ ಅದೇ ದಾರಿ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ?

ನಮ್ಮ ಮಲ್ಪೆಯ ಯಾಂತ್ರೀಕೃತ ಬೋಟುಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಿಲ್ಲುತ್ತವೆ. ಆ ದಿನಗಳಲ್ಲೂ ಸಾಲದ ಕಂತು ನಿಲ್ಲುವುದಿಲ್ಲ, ಮೀನು ಮೊಟ್ಟೆಯಿಡಲೆಂದು ಬೋಟಿನವರು ಕಾಯುತ್ತಾರೆ. ಅವರಿಗಿಂತ ಹನ್ನೊಂದು ದಿನ ಹೆಚ್ಚು, ಅದೂ ತೆಪ್ಪಗಳಿಂದ ಮಾತ್ರ ದೂರವಿರಿ ಎಂದದ್ದಕ್ಕೆ ಜಗತ್ತಿನ ಅತ್ಯಂತ ಶ್ರೀಮಂತ ಒಕ್ಕೂಟಗಳಲ್ಲೊಂದು ವಕೀಲರನ್ನು ಕರೆಯುತ್ತದೆ, ಮತ್ತು ಅದೇ ಕೈಯಿಂದ ಪುಟ್ಟ ದ್ವೀಪಕ್ಕೆ ಸುಸ್ಥಿರತೆಯ ಪಾಠ ಬರೆದು ಕಳುಹಿಸುತ್ತದೆ. ಬೇರೆಯವರ ಮೀನು ಬೇಕಿದ್ದರೆ ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಅದಕ್ಕೆ ನೆರವು ಎಂದು ಹೆಸರಿಟ್ಟು ಕೃತಜ್ಞತೆಯನ್ನೂ ವಸೂಲಿ ಮಾಡಬೇಡಿ.