ಗುಂಡಿಗೆ 14, ಕತ್ತಿಗೆ 9999

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಹಾಲ್‌ನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತಿದ್ದ. ಕಾಫಿ ಲೋಟ ಹಿಡಿದುಕೊಂಡು ನಾನೂ ಪಕ್ಕದಲ್ಲಿ ಕೂತೆ. ಪರದೆ ಮೇಲೆ ಒಬ್ಬ ಹುಡುಗ. ತಲೆಕೂದಲು ಹಲಸಿನ ಮುಳ್ಳಿನ ಹಾಗೆ ನೆಟ್ಟಗೆ ನಿಂತಿದೆ. ಬೆನ್ನ ಮೇಲೆ ಅವನಷ್ಟೇ ಎತ್ತರದ ಕತ್ತಿ. ಅಗಲ ನೋಡಿದರೆ ಬಚ್ಚಲುಮನೆ ಬಾಗಿಲಿಗೆ ಅರ್ಧ ಆಗುತ್ತದೆ. ಎದುರಿಗೆ ಇಬ್ಬರು ಕಾವಲಿನವರು. ಇಬ್ಬರ ಕೈಯಲ್ಲೂ ಮೆಷಿನ್ ಗನ್.

ಮುಗೀತು ಹುಡುಗನ ಕಥೆ ಅಂದುಕೊಂಡೆ. ಟರ್‍ರ್ ಅಂತ ಗುಂಡು ಹಾರಿತು. ಹುಡುಗನ ತಲೆ ಮೇಲೆ ಒಂದು ಪುಟ್ಟ ನಂಬರ್ ಪುಟಿದು ಮಾಯವಾಯಿತು.

"ಏನೋ ಅದು? ಅಷ್ಟು ಹತ್ತಿರದಿಂದ ಹೊಡೆದರೂ ಇವನಿಗೆ ಏನೂ ಆಗಲಿಲ್ವಾ?"

"ಆಯ್ತಲ್ಲ ಮಾವ. 14 ಹೋಯ್ತು."

"14 ಏನು? ಗುಂಡಾ?"

"ಅಯ್ಯೋ, ಜೀವ! ಇನ್ನೂ 300 ಇದೆ. ಒಂದು ಔಷಧಿ ಕುಡಿದ್ರೆ ಸರಿಹೋಗತ್ತೆ, ಬಿಡಿ."

ನಮ್ಮ ಹುಡುಗ ಒಂದು ಬಟನ್ ಒತ್ತಿದ. ಪರದೆಯ ಹುಡುಗ ಓಡಿಹೋಗಿ ಆ ಬಾಗಿಲನ್ನು, ಅಂದರೆ ಕತ್ತಿಯನ್ನು, ಒಂದು ಸಲ ಬೀಸಿದ. ಮೆಷಿನ್ ಗನ್ ಹಿಡಿದಿದ್ದ ಮನುಷ್ಯ ಕೆಂಪಗಾಗಿ ಗಾಳಿಯಲ್ಲಿ ಕರಗಿಹೋದ. ನನ್ನ ಕಾಫಿ ಆರಿತು.

ಇದು 'ಫೈನಲ್ ಫ್ಯಾಂಟಸಿ 7'. ಜಪಾನಿನ ಸ್ಕ್ವೇರ್ ಕಂಪನಿ 1997ರಲ್ಲಿ ಬಿಟ್ಟ ಆಟ. ಆ ಲೋಕದಲ್ಲಿ ರೈಲು ಇದೆ, ಬೈಕ್ ಇದೆ, ಹೆಲಿಕಾಪ್ಟರ್ ಇದೆ. ಭೂಮಿಯ ಜೀವಸತ್ವವನ್ನೇ ಹೀರಿ ಕರೆಂಟ್ ಮಾಡುವ ರಿಯಾಕ್ಟರ್ ಇದೆ. ಒಂದು ಊರಿನಲ್ಲಿ ರಾಕೆಟ್ಟೇ ನಿಂತಿದೆ. ಇಷ್ಟೆಲ್ಲ ಕಂಡುಹಿಡಿದ ಜನ, ಜಗಳ ಬಂದಾಗ ಮಾತ್ರ ಕಬ್ಬಿಣದ ತಗಡು ತಿರುಗಿಸುತ್ತಾರೆ. ನಾಯಕನ ಗೆಳೆಯನೊಬ್ಬ ಕಳೆದುಹೋದ ಕೈಯ ಜಾಗಕ್ಕೆ ಮೆಷಿನ್ ಗನ್ನನ್ನೇ ಜೋಡಿಸಿಕೊಂಡಿದ್ದಾನೆ. ಅಷ್ಟು ಮಾಡಿದರೂ ಆಟದ ಡಬ್ಬಿ ಮೇಲೆ ಚಿತ್ರ ಬಂದಿದ್ದು ಹಲಸಿನ ತಲೆಯವನದೇ. ಪಾಪ.

ಅಂದಹಾಗೆ, ನಿಜವಾದ ಕತ್ತಿಯ ತೂಕ ಎಷ್ಟು ಗೊತ್ತಾ? ಯುರೋಪಿನ ಹಳೇ ಕಾಲದ ಉದ್ದ ಕತ್ತಿ ಹೆಚ್ಚೂಕಡಿಮೆ ಒಂದೂವರೆ ಕಿಲೋ. ಎರಡೂ ಕೈಯಲ್ಲಿ ಹಿಡಿದು ಬೀಸುವ ದೊಡ್ಡದಾದರೆ ಎರಡರಿಂದ ಮೂರು. ಆಟದ ಹುಡುಗನದು ತುಂಬಿದ ಗ್ಯಾಸ್ ಸಿಲಿಂಡರ್ ಲೆಕ್ಕ. ಅದನ್ನು ಹೊತ್ತು ಅವನು ಪಲ್ಟಿ ಹೊಡೆಯುತ್ತಾನೆ. ನಮ್ಮ ಮನೆಗೆ ಸಿಲಿಂಡರ್ ತರುವವರು ಎರಡನೇ ಮಹಡಿಗೆ ಬರುವಷ್ಟರಲ್ಲಿ ನೀರು ಕೇಳುತ್ತಾರೆ.

1999ರಲ್ಲಿ ಅದೇ ಕಂಪನಿಗೆ ಮನಸ್ಸಾಕ್ಷಿ ಕುಟುಕಿರಬೇಕು. ಬಂದೂಕಿಗೂ ನ್ಯಾಯ ಕೊಡೋಣ ಅಂತ ಮುಂದಿನ ಆಟದಲ್ಲಿ 'ಗನ್‌ಬ್ಲೇಡ್' ಅಂತ ಒಂದನ್ನು ತಂದರು. ಹಿಡಿ ರಿವಾಲ್ವರಿನದು, ಮುಂದಿನ ಅಲುಗು ಕತ್ತಿಯದು. ಟ್ರಿಗರ್ ಕೂಡ ಇದೆ. ಒತ್ತಿದರೆ ಗುಂಡು ಹಾರುತ್ತದೆ ಅಂದುಕೊಂಡಿರಾ? ಇಲ್ಲ. ಕತ್ತಿ ತಗುಲುವ ಹೊತ್ತಿಗೆ ಸರಿಯಾಗಿ ಟ್ರಿಗರ್ ಒತ್ತಿದರೆ ಏಟು ಸ್ವಲ್ಪ ಜೋರಾಗಿ ಬೀಳುತ್ತದೆ, ಅಷ್ಟೇ. ಇದು ಅಪ್ಪಟ ಸಮ್ಮಿಶ್ರ ಸರ್ಕಾರ. ಬಂದೂಕಿಗೆ ಒಂದು ಖಾತೆ ಕೊಟ್ಟರು, ಕಾರು ಕೊಟ್ಟರು, ಕೆಂಪು ದೀಪ ಕೊಟ್ಟರು. ಫೈಲಿಗೆ ಸಹಿ ಹಾಕುವುದು ಮಾತ್ರ ಕತ್ತಿ.

ಇನ್ನೊಂದು ಆಟದ ನಾಯಕನಿಗೆ ಕತ್ತಿಯ ಜೊತೆಗೆ ಜೋಡಿ ಪಿಸ್ತೂಲು. 2001ರ 'ಡೆವಿಲ್ ಮೇ ಕ್ರೈ'. ಗುಂಡು ಎಂದೂ ಮುಗಿಯುವುದಿಲ್ಲ, ಅಕ್ಷಯಪಾತ್ರೆ. ಹಾಗಂತ ದೂರ ನಿಂತು ಗುಂಡು ಹಾರಿಸುತ್ತಾ ಕೂತರೆ ಆಟ ನಿಮ್ಮ ಹೋರಾಟಕ್ಕೆ ಒಳ್ಳೆ ಮಾರ್ಕ್ಸ್ ಕೊಡುವುದಿಲ್ಲ. ಕೆಳಗಿನ ದರ್ಜೆಯ ಹೆಸರೇ 'ಡಲ್'. ರಾಕ್ಷಸ ಸತ್ತರೆ ಸಾಲದು, ಅಂದವಾಗಿ ಸಾಯಬೇಕು. 2015ರ 'ಬ್ಲಡ್‌ಬೋರ್ನ್'ನಲ್ಲಿ ಮಾಮೂಲಿಗೆ 20 ಗುಂಡು ಇಟ್ಟುಕೊಳ್ಳಬಹುದು. ಅಲ್ಲಿ ಬಂದೂಕಿನ ಮುಖ್ಯ ಕೆಲಸ ಕೊಲ್ಲುವುದಲ್ಲ. ಎದುರಿನವನು ಕೈ ಎತ್ತಿದ ಕ್ಷಣಕ್ಕೆ ಢಂ ಅನ್ನಿಸಿ ಅವನನ್ನು ತಬ್ಬಿಬ್ಬು ಮಾಡುವುದು. ಆಮೇಲೆ ಹತ್ತಿರ ಹೋಗಿ ಕೈಯನ್ನೇ ಹೊಟ್ಟೆಗೆ ಹಾಕುವುದು. ಅಂದರೆ ಬಂದೂಕು ಒಂಥರಾ ಹಾರ್ನ್. ಬೆಂಗಳೂರಿನ ಸಿಗ್ನಲ್‌ನಲ್ಲಿ ಹಿಂದಿನ ಆಟೋದವರು ಹೊಡೆಯುತ್ತಾರಲ್ಲ, ಹಾಗೆ.

ಆದರೆ ನನ್ನ ಪ್ರಕಾರ ಮೊದಲ ಬಹುಮಾನ ಅಮೆರಿಕದ ಬಂಜಿ ಕಂಪನಿಯ 'ಡೆಸ್ಟಿನಿ'ಗೆ. ಅದು ಬಂದೂಕಿನದೇ ಆಟ. ನೂರಾರು ಬಗೆಯ ಬಂದೂಕು. ಗ್ರಹದಿಂದ ಗ್ರಹಕ್ಕೆ ಹಾರುವ ಕಾಲ. 2015ರಲ್ಲಿ ಅದಕ್ಕೂ ಕತ್ತಿ ಬಂತು. ಬಂದದ್ದು ಬಂತು, ಆ ಕತ್ತಿಗೆ ಮದ್ದುಗುಂಡು ಬೇಕು! ಏಟು ಹಾಕಿದ ಹಾಗೆ ಮದ್ದು ಕಡಿಮೆ ಆಗುತ್ತಾ ಹೋಗುತ್ತದೆ. ಮುಗಿದರೆ ಮತ್ತೆ ಡಬ್ಬಿ ಹುಡುಕಿಕೊಂಡು ಹೋಗಬೇಕು. ಮಚ್ಚು ಹಿಡಿದು ತೆಂಗಿನಕಾಯಿ ಸುಲಿಯುವವರು, "ಐದು ಕಾಯಿ ಆಯ್ತು ಸ್ವಾಮಿ, ಮಚ್ಚಿನ ಚಾರ್ಜ್ ಹೋಯ್ತು" ಅಂದರೆ ಹೇಗಿರುತ್ತದೆ?

ನನಗೆ ಕನಿಕರ ಬರುವುದು ಈ ಲೋಕಗಳ ಬಂದೂಕಿನ ಅಂಗಡಿಯವನ ಮೇಲೆ. ಬೆಳಿಗ್ಗೆ ಎದ್ದು ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ ಕೂರುತ್ತಾನೆ. ಎದುರಿಗೆ ಕತ್ತಿ ಅಂಗಡಿ. ಅಲ್ಲಿ ಕ್ಯೂ. ಲೋಕ ಉಳಿಸಲು ಹೊರಟ ಹುಡುಗರೆಲ್ಲ ಅಲ್ಲೇ. ಇವನ ಹತ್ತಿರ ಬರುವವರು ಖಳನಾಯಕನ ಕಡೆಯ ಸಂಬಳದ ಸೈನಿಕರು ಮಾತ್ರ. ಅವರೋ, ನಾಳೆ ನಾಯಕನ ಕೈಲಿ ಸಾಯುವವರು. ಸಾಲ ಕೊಡುವ ಹಾಗಿಲ್ಲ. "ಬನ್ನಿ ಸಾರ್, ಇದರಲ್ಲಿ 200 ಮೀಟರ್ ದೂರದಿಂದಲೇ ಹೊಡೀಬಹುದು" ಅಂತ ಕರೆದರೆ, "ಹತ್ತಿರ ಹೋಗಿ ಹೊಡೆದರೇನೇ ಸಮಾಧಾನ ಯಜಮಾನ್ರೇ" ಅಂದು ಎದುರಂಗಡಿ ಮೆಟ್ಟಿಲು ಹತ್ತುತ್ತಾರೆ. ಮಗನಿಗೆ ಹೆಣ್ಣು ನೋಡಲು ಹೋದರೆ ಅಲ್ಲೂ ಇದೇ ಗೋಳು.

"ಹುಡುಗ ಏನು ಮಾಡ್ಕೊಂಡಿದಾನೆ?"

"ಬಂದೂಕು ಮಾಡ್ತಾನೆ."

"ಓ… ಕತ್ತಿ ಮಾಡೋ ಕಡೆಯವರು ಯಾರಾದ್ರೂ ಇದ್ರೆ ಹೇಳಿ."

ಆಟ ಮಾಡುವವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಅವರ ಕಷ್ಟ ಅವರಿಗೆ. ಕೈಗೆ ಬಂದೂಕು ಕೊಟ್ಟ ತಕ್ಷಣ ನಾಯಕ ಹೋಗಿ ಗೋಡೆ ಹಿಂದೆ ಕೂರುತ್ತಾನೆ. ಇಣುಕುತ್ತಾನೆ, ಹೊಡೆಯುತ್ತಾನೆ, ಮತ್ತೆ ಕೂರುತ್ತಾನೆ. ಶತ್ರು ದೂರದಲ್ಲಿ ಸಾಸಿವೆ ಕಾಳಿನಷ್ಟು ಕಾಣಿಸುತ್ತಾನೆ. ಅವನ ಕೊಂಬು, ಕೋರೆಹಲ್ಲು, ಬಾಲ ಅಂತ ವರ್ಷಗಟ್ಟಲೆ ಬಿಡಿಸಿದ ಕಲಾವಿದರ ಶ್ರಮವೆಲ್ಲ ಸಾಸಿವೆ ಕಾಳಿಗೆ. ಕತ್ತಿಯಾದರೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಹಿಡಿಸುತ್ತಾರೆ. ಮುಖ ಕಾಣುತ್ತದೆ, ಮಾತಾಡಿಸಬಹುದು. ಡ್ರ್ಯಾಗನ್ನನ್ನು ದೂರ ನಿಂತು ಗುಂಡಿಟ್ಟು ಕೊಂದರೆ ಅದು ಸಾಹಸ ಅಲ್ಲ, ಅರಣ್ಯ ಇಲಾಖೆಯ ಕಾರ್ಯಾಚರಣೆ.

ಹೆಸರಿನ ವಿಷಯವನ್ನೇ ನೋಡಿ. ರಾವಣನ ಕತ್ತಿಗೆ ಚಂದ್ರಹಾಸ ಅಂತ ಹೆಸರು. ವಿಷ್ಣುವಿನದು ನಂದಕ. ಬಂದೂಕಿಗೆ? ಎಕೆ-47. ಅಂದರೆ ಹುಟ್ಟಿದ ವರ್ಷವೇ ಹೆಸರು. ಆಧಾರ್ ಕಾರ್ಡಿನಲ್ಲಿ ಅಷ್ಟಾದರೂ ಜಾಸ್ತಿ ವಿವರ ಇರುತ್ತದೆ.

ಸಾವಿನ ವಿಷಯದಲ್ಲೂ ಹಾಗೇ. ಇದೇ 'ಫೈನಲ್ ಫ್ಯಾಂಟಸಿ 7'ರಲ್ಲಿ ಪ್ರಾರ್ಥನೆಗೆ ಕೂತ ಹುಡುಗಿಯ ಮೇಲೆ ಖಳನಾಯಕ ಆಕಾಶದಿಂದ ಕತ್ತಿ ಕೆಳಗೆ ಮಾಡಿಕೊಂಡು ಇಳಿಯುತ್ತಾನೆ. ಅವನಿಗಿಂತ ಉದ್ದದ ಕತ್ತಿ. ಆ ದೃಶ್ಯಕ್ಕೆ ಕಣ್ಣೀರು ಹಾಕಿದವರು ಈಗ ಮಕ್ಕಳೊಂದಿಗರಾಗಿದ್ದಾರೆ, ಇನ್ನೂ ಮರೆತಿಲ್ಲ. ಅದೇ ಅವನು ಕಂಬದ ಮರೆಯಿಂದ ಪಿಸ್ತೂಲು ಹೊಡೆದಿದ್ದರೆ? 14 ಅಂತ ನಂಬರ್ ಬಂದು ಹೋಗುತ್ತಿತ್ತು. ಔಷಧಿ ಕುಡಿದು ಎದ್ದು ಕೂರುತ್ತಿದ್ದಳು.

ಇದರಲ್ಲಿ ಜಪಾನಿನವರ ಪಾತ್ರ ನೆನೆದರೆ ನಗು ಬರುತ್ತದೆ. 1543ರಲ್ಲಿ ಪೋರ್ಚುಗೀಸರ ಜೊತೆ ತನೆಗಶಿಮಾ ದ್ವೀಪಕ್ಕೆ ಬಂದೂಕು ಬಂತು. 1575ರ ನಾಗಶಿನೋ ಯುದ್ಧದಲ್ಲಿ ಒಡಾ ನೊಬುನಾಗ ಅನ್ನುವ ದಂಡನಾಯಕನ ಕೋವಿಯವರು ತಕೆಡಾ ಕಡೆಯ ಕುದುರೆ ಸವಾರರನ್ನು ಉರುಳಿಸಿದರು. 14 ಅಂತ ನಂಬರ್ ಏನೂ ಬರಲಿಲ್ಲ, ನಿಜವಾಗಿ ಸತ್ತರು. 1588ರಲ್ಲಿ, ಆಗ ದೇಶ ಆಳುತ್ತಿದ್ದ ಟೊಯೊಟೊಮಿ ಹಿಡೆಯೋಶಿ ರೈತರ ಮನೆಯ ಕತ್ತಿಗಳನ್ನೆಲ್ಲ ವಸೂಲಿ ಮಾಡಿಸಿದ. ಬುದ್ಧನ ದೊಡ್ಡ ವಿಗ್ರಹದ ಕೆಲಸಕ್ಕೆ ಮೊಳೆ ಬೇಕು, ಪುಣ್ಯ ಬರುತ್ತದೆ ಅಂತ ಸಬೂಬು. 1876ರಲ್ಲಿ ಮೇಜಿ ಸರ್ಕಾರ, ಸಮುರಾಯ್‌ಗಳೂ ಇನ್ನು ಸೊಂಟಕ್ಕೆ ಕತ್ತಿ ಕಟ್ಟಿ ಬೀದಿಗೆ ಬರುವ ಹಾಗಿಲ್ಲ ಅಂದಿತು. ಹೀಗೆ ಎರಡು ಸಲ ಕತ್ತಿ ಕಿತ್ತುಕೊಂಡ ದೇಶ, ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಪ್ರಪಂಚದ ಹುಡುಗರಿಗೆಲ್ಲ ತಲೆಗೊಂದರಂತೆ ಕತ್ತಿ ಹಂಚಿತು.

ನಿಜವಾದ ಲೋಕದಲ್ಲಿ ಬಂದೂಕುಗಳ ನಡುವೆ ಕತ್ತಿ ಹಿಡಿದು ಹೋದವರು ಇಲ್ಲವೇ? ಇದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿ ಜಾಕ್ ಚರ್ಚಿಲ್ ಸೊಂಟದಲ್ಲಿ ಕತ್ತಿ ಇಲ್ಲದೆ ಯುದ್ಧಕ್ಕೆ ಹೋಗುತ್ತಿರಲಿಲ್ಲ. 1943ರಲ್ಲಿ ಇಟಲಿಯಲ್ಲಿ ಅದನ್ನೇ ಹಿಡಿದು ಜರ್ಮನ್ ಸೈನಿಕರನ್ನು ಸೆರೆ ಹಿಡಿದು ತಂದವನು. ಆಟದಲ್ಲಾದರೆ ಅವನೇ ನಾಯಕ, ಡಬ್ಬಿ ಮೇಲೆ ಅವನದೇ ಚಿತ್ರ. ಅವನ ಸೈನ್ಯದವರು ಇಟ್ಟ ಅಡ್ಡಹೆಸರು ಏನು ಗೊತ್ತಾ? ಹುಚ್ಚು ಜಾಕ್.

ನಾವೇನು ಕಡಿಮೆ ಇಲ್ಲ ಬಿಡಿ. ಟಿಪ್ಪು ಸುಲ್ತಾನನ ಶಯನಾಗಾರದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ನಮ್ಮ ದುಡ್ಡಲ್ಲಿ 140 ಕೋಟಿಗೂ ಮೇಲೆ. ಇಂಗ್ಲಿಷರ ನಿದ್ದೆ ಕೆಡಿಸಿದ್ದು, ಅವರು ಕೊಂಡೊಯ್ದು ನೋಡಿ ನಕಲು ಮಾಡಿದ್ದು ಮೈಸೂರಿನ ರಾಕೆಟ್ಟನ್ನು. ಆ ರಾಕೆಟ್ಟು ಎಲ್ಲಿತ್ತು? ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ, ಪಾಳು ಬಾವಿಯ ಕೆಸರಿನಲ್ಲಿ. 2018ರಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಯುದ್ಧ ಮಾಡಿದ್ದು ಒಂದು, ಫೋಟೋಗೆ ನಿಂತಿದ್ದು ಇನ್ನೊಂದು.

ನಮ್ಮ ಭಾಷೆಯೂ ಕತ್ತಿಯ ಪಕ್ಷವೇ. ಜಗಳ ಆದರೆ ಕತ್ತಿ ಮಸೆಯುತ್ತೇವೆ. ಶಾಸಕರ ಮೇಲೆ ಅನರ್ಹತೆಯ ತೂಗುಕತ್ತಿ ತೂಗುತ್ತದೆ. ತೂಗುಬಂದೂಕು ಅಂತ ಯಾವ ಪತ್ರಿಕೆಯೂ ಬರೆದಿಲ್ಲ. ಬಂದೂಕಿಗೆ ಸಿಕ್ಕಿದ್ದು ಒಂದೇ ಮಾತು, ಇನ್ನೊಬ್ಬರ ಹೆಗಲ ಮೇಲೆ ಇಟ್ಟು ಹೊಡೆಯುವುದು. ಅದೂ ಹೇಡಿಗೆ ಹೇಳುವ ಮಾತು. ಗುಂಡು ಅಂತೂ ಸಂಜೆ ಏಳರ ಮೇಲೆ ಅರ್ಥವನ್ನೇ ಬದಲಿಸಿಬಿಡುತ್ತದೆ. ನಮ್ಮ ಸಿನಿಮಾದಲ್ಲೂ ಖಳನ ಕೈಲಿರುವ ಪಿಸ್ತೂಲು ಒಂದೇ ಒದೆತಕ್ಕೆ ಹಾರಿಹೋಗುತ್ತದೆ. ನಾಯಕನ ಕೈಯ ಲಾಂಗು ಯಾವತ್ತಾದರೂ ಜಾರಿದ್ದು ನೋಡಿದ್ದೀರಾ?

ಇಷ್ಟನ್ನೂ ಅಕ್ಕನ ಮುಂದೆ ಹೇಳಿದೆ. ಅವಳು ದೋಸೆ ಹುಯ್ಯುತ್ತಿದ್ದಳು. "ಕತ್ತಿ ಹಾಳಾಗ್ಲಿ, ಇವನು ಮೊಬೈಲಲ್ಲಿ ಆಡೋ ಬಂದೂಕಿನ ಆಟದಲ್ಲಿ ಬಾಣಲೆಗೆ ಗುಂಡು ತಾಗಿದ್ರೆ ವಾಪಸ್ ಹೋಗತ್ತಂತೆ ಕಣೋ" ಅಂದಳು. ನಿಜ. ಬಿಜಿಎಂಐ ಅನ್ನುವ ಆ ಆಟದಲ್ಲಿ ಬಾಣಲೆ ಬೆನ್ನಿಗೆ ಕಟ್ಟಿಕೊಂಡರೆ ಹಿಂದಿನಿಂದ ಬಂದ ಗುಂಡು ಠಣ್ ಅಂತ ನಿಲ್ಲುತ್ತದೆ. ಅಕ್ಕ ಕಾವಲಿಯನ್ನು ಒಂದು ಸಲ ಎತ್ತಿ, ತಿರುಗಿಸಿ ನೋಡಿ, ಮತ್ತೆ ಒಲೆ ಮೇಲಿಟ್ಟಳು.

ರಜೆ ಮುಗಿಯುವ ಹಿಂದಿನ ರಾತ್ರಿ ಹುಡುಗ ಇನ್ನೊಂದು ಆಟದ ಕೊನೆಗೆ ಬಂದಿದ್ದ. ಇದರಲ್ಲಿ ಕತ್ತಿಯೂ ಇದೆ, ಒಳ್ಳೆ ಬಂದೂಕೂ ಇದೆ. ಎದುರಿಗೆ ಮೂರು ಮಹಡಿ ಎತ್ತರದ ರಾಕ್ಷಸ. ನಮ್ಮವನು ಅದರ ಕಾಲ ಬುಡದಲ್ಲಿ ನಿಂತು ಉಗುರು ಕತ್ತರಿಸುವವನ ಹಾಗೆ ಕತ್ತಿ ಆಡಿಸುತ್ತಿದ್ದಾನೆ.

"ಅಷ್ಟು ದೊಡ್ಡ ಬಂದೂಕು ಇದೆಯಲ್ಲೋ, ಅದನ್ನ ತೆಗಿ!"

"ಬೇಡ ಮಾವ, ಗುಂಡು ಕಮ್ಮಿ ಸಿಗೋದು. ಮುಂದೆ ಬೇಕಾಗತ್ತೆ."

ಅರ್ಧ ಗಂಟೆ ಆದಮೇಲೆ ರಾಕ್ಷಸ ಬಿದ್ದ. ಸಂಗೀತ ಬಂತು, ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿದವು. ಮುಂದೆ ಏನೂ ಇರಲಿಲ್ಲ. ಚೀಲದಲ್ಲಿ 60 ಗುಂಡು, ನಮ್ಮಮ್ಮ ನೆಂಟರು ಬಂದಾಗ ತೆಗೀತೀನಿ ಅಂತ ಶೋಕೇಸಿನಲ್ಲಿಟ್ಟ ಪಿಂಗಾಣಿ ಕಪ್ಪುಗಳ ಹಾಗೆ, ಒಂದೂ ಮುಕ್ಕಾಗದೆ ಇದ್ದವು.