ಆಟಕ್ಕುಂಟು ಲೆಕ್ಕಕ್ಕಿಲ್ಲ

ಮೈಸೂರಿನ ರಿಂಗ್ ರಸ್ತೆ ದಾಟಿ ಒಂದೆರಡು ಕಿಲೋಮೀಟರ್ ಹೋದರೆ ಪವಾಡ ಕಾಣಿಸುತ್ತದೆ. ಮೂರಂತಸ್ತಿನ ಮನೆಗಳು, ಎರಡು ಮೆಡಿಕಲ್ ಸ್ಟೋರು, ಮೂರು ಬೇಕರಿ, ಬೆಳಿಗ್ಗೆ ಆರಕ್ಕೇ ಸಾಲು ನಿಂತ ಹಾಲಿನ ಬೂತು. ಹಾಲು ತಗೊಳ್ಳುತ್ತಿರುವವರಲ್ಲಿ ಹೆಚ್ಚಿನವರು ಮಾತ್ರ ಈ ಊರಿನ ಲೆಕ್ಕದಲ್ಲಿ ಇಲ್ಲ. ದೇಶದ ಜನಗಣತಿಯ ಗಡಿಯಾರ 2011ರ ಮಾರ್ಚ್ 1ರ ಸೊನ್ನೆ ಗಂಟೆಗೆ ನಿಂತಿದೆ. ಆ ರಾತ್ರಿ ಇಲ್ಲಿದ್ದದ್ದು ಕೊಯ್ಲಾದ ರಾಗಿ ಹೊಲದ ಕೂಳೆ.

2011ರ ಮಾರ್ಚ್ 2ರಂದು ಹುಟ್ಟಿದ ಮಗುವನ್ನು ನೆನೆಸಿಕೊಳ್ಳಿ. ಅದಕ್ಕೆ ಜನನ ಪ್ರಮಾಣಪತ್ರ ಇದೆ, ಆಧಾರ್ ಇದೆ, ಹತ್ತನೇ ತರಗತಿ ಹಾಲ್ ಟಿಕೆಟ್ ಬರುವ ವಯಸ್ಸೂ ಆಯಿತು. ಜನಗಣತಿಯ ಲೆಕ್ಕಕ್ಕೆ ಮಾತ್ರ ಇನ್ನೂ ಹುಟ್ಟಿಲ್ಲ. ಮುಂದಿನ ಗಣತಿಯ ಮುಹೂರ್ತ 2027ರ ಮಾರ್ಚ್ 1. ಅಂದರೆ ಈ ಕೂಸು ಮೊದಲ ಸಲ ಎಣಿಕೆಗೆ ಸಿಗುವ ಹೊತ್ತಿಗೆ ಹದಿನಾರು ತುಂಬಲು ಒಂದೇ ದಿನ ಬಾಕಿ ಇರುತ್ತದೆ.

ಹಳ್ಳಿಯಲ್ಲಿ ಜನ ಹುಟ್ಟಿ ಬೆಳೆಯುತ್ತಾರೆ, ಹೊರವಲಯದಲ್ಲಿ ಜನ ಎಕರೆ ಲೆಕ್ಕದಲ್ಲಿ ಬಂದಿಳಿಯುತ್ತಾರೆ. ಲೆಕ್ಕ ಸರಳ. ಒಂದು ಎಕರೆಗೆ 40 ಗುಂಟೆ, ಚದರಡಿಯಲ್ಲಿ 43,560. ಭೂಪರಿವರ್ತನೆ ಮಾಡಿಸಿ, ನಕ್ಷೆಗೆ ಅನುಮೋದನೆ ಪಡೆದು, ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟರೆ ನಿವೇಶನಕ್ಕೆ ಉಳಿಯುವುದು ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು. 30x40ರ ಸೈಟು ಎಂದರೆ 1,200 ಚದರಡಿ, ಹಾಗಾಗಿ ಎಕರೆಗೆ ಸುಮಾರು 20. ಅನುಮೋದನೆಯ ಗೊಡವೆಯಿಲ್ಲದೆ ಹೊಲವನ್ನೇ ತುಂಡು ಮಾಡಿ ಮಾರುವ ಕಂದಾಯ ನಿವೇಶನದವರು ಇಷ್ಟು ಉದಾರಿಗಳಲ್ಲ. ಪಾರ್ಕಿಗೆ ಜಾಗವಿಲ್ಲ, ರಸ್ತೆ 20 ಅಡಿ, ಸೈಟು 26–27. ಕಾಗದದ ಮೇಲೆ ಸೈಟಿಗೊಂದು ಸಂಸಾರ, ಸಂಸಾರಕ್ಕೆ ಐದು ಜನ. 20 ಸೈಟಿಗೆ 100 ಜನ. ಕಟ್ಟುವುದು ನೆಲಮಹಡಿ, ಅದರ ಮೇಲೆ ಎರಡು, ತುದಿಯಲ್ಲಿ ಬ್ಯಾಚುಲರ್‌ಗಳಿಗೆ ಒಂದು ಶೀಟ್ ಮನೆ. ನಾಲ್ಕು ಬಾಡಿಗೆ, ಮನೆಗೆ ನಾಲ್ಕು ಜನ ಎಂದರೂ ಅದೇ ಎಕರೆಯಲ್ಲಿ 320. ಉಳಿದ 220 ಜನ ನಕ್ಷೆಯಲ್ಲಿ ಇಲ್ಲ, ಸುಮ್ಮನೆ ಬಂದು ಕೂತಿದ್ದಾರೆ ಅಷ್ಟೇ.

ಇದನ್ನು ಎಂಜಿನಿಯರಿಂಗ್ ಭಾಷೆಗೆ ತರ್ಜುಮೆ ಮಾಡುವುದು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆಯುವವರ ಕೆಲಸ. ನೀರಿನ ಯೋಜನೆಗೆ ಮೂವತ್ತು ವರ್ಷದ ಮುಂದಿನ ಜನಸಂಖ್ಯೆ ಬೇಕು. ಅದಕ್ಕೆ ಹಳೆಯ ಗಣತಿಗಳನ್ನು ಸಾಲಾಗಿ ಬರೆದು ಗೆರೆ ಎಳೆಯುತ್ತಾರೆ. ಒಂದು ಹಳ್ಳಿಯಲ್ಲಿ 2001ರಲ್ಲಿ 2,000, 2011ರಲ್ಲಿ 3,000 ಜನ ಇದ್ದರು ಅಂದುಕೊಳ್ಳಿ. ಕೂಡುವ ವಿಧಾನದಲ್ಲಿ 2031ಕ್ಕೆ 5,000 ಬರುತ್ತದೆ, ಗುಣಿಸುವ ವಿಧಾನದಲ್ಲಿ 6,750. ಎರಡರ ಸರಾಸರಿ ತೆಗೆದು ಷರಾ ಬರೆದರೆ ಮುಗಿಯಿತು. ಗೆರೆ ಎಳೆದವರ ಕೂಡಿಸು–ಗುಣಿಸಿನಲ್ಲಿ ತಪ್ಪಿಲ್ಲ. ತಪ್ಪು ಬುನಾದಿಯಲ್ಲಿದೆ. ಆ ಎರಡೂ ಅಂಕಿ ಹಳ್ಳಿಯ ಹೆರಿಗೆ–ಮರಣದ ಲೆಕ್ಕ, ಇಲ್ಲಿ ಜನ ಬಂದದ್ದು ಜೆಸಿಬಿಯ ಹಿಂದೆ. ಐವತ್ತು ಎಕರೆ ಬಡಾವಣೆ ಒಂದು ತುಂಬಿದರೆ ಮೇಲಿನ ಲೆಕ್ಕದಲ್ಲಿ 16,000 ಜನ. ಹಳ್ಳಿಯ ಲೆಕ್ಕದಲ್ಲಿ ಹುಟ್ಟಿದ ಟ್ಯಾಂಕಿಗೆ ವಾರಕ್ಕೊಮ್ಮೆ ನೀರು ಏರಿದರೂ ಅದು ದಾನಶೂರ ಕರ್ಣನೇ.

ಇನ್ನು ಬಾಯಾರಿಕೆ. ಅದು ದೇಹಧರ್ಮ ಎಂದು ನೀವು ತಿಳಿದಿದ್ದರೆ ತಪ್ಪು, ಅದು ಗೆಜೆಟ್ ಧರ್ಮ. ನಿಮ್ಮ ಮನೆ ಗ್ರಾಮ ಪಂಚಾಯಿತಿಯಲ್ಲಿದ್ದರೆ ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಪಟ್ಟಣವಾಗಿ ನಲ್ಲಿ ಇದ್ದು ಒಳಚರಂಡಿ (ಯುಜಿಡಿ) ಇಲ್ಲವಾದರೆ 70. ಯುಜಿಡಿ ಬಂತೋ 135. ಮನೆ ಅದೇ, ಬಚ್ಚಲು ಅದೇ, ತಲೆಗೆ ಹಾಕಿಕೊಳ್ಳುವ ತಂಬಿಗೆಯೂ ಅದೇ. ಬೀದಿಯ ಈ ಬದಿ ಪಾಲಿಕೆ, ಆ ಬದಿ ಪಂಚಾಯಿತಿ ಇರುವ ಕಡೆ ಎದುರುಬದುರು ಮನೆಯವರ ಬೆವರಿಗೂ ಎರಡು ದರ.

ಬಳಸಿದ ನೀರಿನಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಲೆಕ್ಕದ ರೂಢಿ. 20,000 ಜನರಿಗೆ 55 ಲೀಟರ್ ಎಂದರೆ ದಿನಕ್ಕೆ 8.8 ಲಕ್ಷ ಲೀಟರ್ ಕೊಳಚೆ, 135 ಎಂದರೆ 21.6 ಲಕ್ಷ. ಬೋರ್‌ವೆಲ್ಲು, ಟ್ಯಾಂಕರು ಇರುವವರು ಗ್ರಾಮೀಣ ಬಾಯಾರಿಕೆಯ ನಿಯಮ ಪಾಲಿಸುವುದಿಲ್ಲ. ಚರಂಡಿ ಮಾತ್ರ ಪಾಲಿಸುತ್ತದೆ. ಖಾಸಗಿ ಬಡಾವಣೆಯಲ್ಲಿ ಯುಜಿಡಿ ಪೈಪು ಹಾಕುವುದು ತಮ್ಮ ಜಮೀನಿನ ಇಳಿಜಾರು ನೋಡಿ. ಅದು ಮುಗಿಯುವುದು ಜಮೀನಿನ ಅತಿ ತಗ್ಗಾದ ಮೂಲೆಯಲ್ಲಿ. ಮುಂದಿನ ಬಡಾವಣೆ ಎತ್ತರದಲ್ಲಿದ್ದರೆ ಸೇರಿಸಲು ಪಂಪು ಬೇಕು, ಪಂಪಿಗೆ ಕೊಳಚೆ ತುಂಬಿಕೊಳ್ಳುವ ಬಾವಿ, ಅಂದರೆ ವೆಟ್‌ವೆಲ್ ಬೇಕು, ವೆಟ್‌ವೆಲ್ಲಿಗೆ ಜಾಗ ಬೇಕು, ಇದ್ದಬದ್ದ ಜಾಗವೆಲ್ಲ ಸೈಟಾಗಿ ಮಾರಾಟವಾಗಿದೆ. ಕೊನೆಯ ಮ್ಯಾನ್‌ಹೋಲಿಗೆ ಮುಂದಿನ ಊರು ಗೊತ್ತಿಲ್ಲ, ಹಾಗಾಗಿ ಅದು ರಾಜಕಾಲುವೆಯನ್ನು ಕೇಳಿಕೊಂಡು ಕೆರೆಗೆ ಹೋಗುತ್ತದೆ. ಬಡಾವಣೆಗೆ ‘ಲೇಕ್ ವ್ಯೂ’ ಎಂದು ಹೆಸರಿಟ್ಟವರಿಗೆ ಮೂಗಿನ ವಿಚಾರ ಹೊಳೆದಿರಲಿಕ್ಕಿಲ್ಲ.

ಹಾಗಾದರೆ ಇದು ಊರೋ, ಪಟ್ಟಣವೋ? ಜನಗಣತಿಯವರಿಗೆ ಮೂರು ಪರೀಕ್ಷೆ ಇವೆ: 5,000 ಜನ, ಚದರ ಕಿಲೋಮೀಟರಿಗೆ 400 ಮಂದಿ, ಮುಖ್ಯ ದುಡಿಮೆಗಾರರಾದ ಗಂಡಸರಲ್ಲಿ ಶೇ 75 ಮಂದಿ ಬೇಸಾಯ ಬಿಟ್ಟವರು. ಗಂಡಸರು ಮಾತ್ರ. ಹೆಂಗಸರು ಗಾರ್ಮೆಂಟ್ಸಿಗೆ ಹೋದರೂ ಊದುಬತ್ತಿ ಹೊಸೆದರೂ ಊರು ಪಟ್ಟಣವಾಗುವುದಿಲ್ಲ. ಯಜಮಾನರು ನೇಗಿಲು ಬಿಡಬೇಕು. ಮೂರರಲ್ಲೂ ಪಾಸಾದರೆ ‘ಜನಗಣತಿ ಪಟ್ಟಣ’ ಎಂಬ ಬಿರುದು. ದೆಹಲಿಯ ಪುಸ್ತಕದಲ್ಲಿ ಪಟ್ಟಣ, ಊರಲ್ಲಿ ಗ್ರಾಮ ಪಂಚಾಯಿತಿಯೇ. ಪಿಡಿಒ ಬೀಗ ತೆಗೆದರೆ ಕಚೇರಿ, ಇಲ್ಲದಿದ್ದರೆ ಜಗಲಿ.

ರಾಜ್ಯದ ಏಣಿ ಬೇರೆ. 10,000ಕ್ಕೆ ಪಟ್ಟಣ ಪಂಚಾಯಿತಿ, 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ, 3 ಲಕ್ಷ ಮೀರಿದರೆ ಮಹಾನಗರ ಪಾಲಿಕೆ. ಮೈಸೂರಿನ ಸುತ್ತಲಿನ ಹೂಟಗಳ್ಳಿ ನಗರಸಭೆಯಾಗಿಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿಯೂ ಬಡ್ತಿ ಪಡೆದದ್ದು ಈ ಏಣಿಯ ಮೇಲೆಯೇ. ಬಡ್ತಿಯ ಮೊದಲ ಫಲ ಬೋರ್ಡಿಗೆ ಹೊಸ ಬಣ್ಣ. ಎರಡನೆಯದು ಉದ್ಯೋಗ ಖಾತ್ರಿ ಇಲ್ಲವಾಗುವುದು, ಅದು ಗ್ರಾಮೀಣರಿಗೆ ಮಾತ್ರ. ಮೂರನೆಯದು ಕಾಗದದ ನಾಮಕರಣ: ಅನುಮೋದನೆ ಇಲ್ಲದೆ ಪಂಚಾಯಿತಿಯ ದಾಖಲೆಯಲ್ಲಿ ‘ನಮೂನೆ 11ಬಿ’ ಆಗಿದ್ದ ಸೈಟು ಪಟ್ಟಣದಲ್ಲಿ ‘ಬಿ ಖಾತೆ’. ಅಕ್ಷರ ಮಾತ್ರ ಬದಲಾಗಲಿಲ್ಲ, ಸದ್ಯ ಅಷ್ಟಾದರೂ ಉಳಿಯಿತು.

ಆಹಾರ ಭದ್ರತಾ ಕಾಯ್ದೆಯೂ ಇದೇ ಏಣಿಗೆ ಒರಗಿಕೊಂಡಿದೆ. ದೇಶದ ಮಟ್ಟದಲ್ಲಿ ಗ್ರಾಮೀಣರಲ್ಲಿ ಶೇ 75, ನಗರದವರಲ್ಲಿ ಶೇ 50 ಮಂದಿಗೆ ಅಕ್ಕಿ. ತಲೆ ಎಣಿಸುವುದು ಹಳೆಯ ಗಣತಿಯಿಂದ, ಹಾಗಾಗಿ ಹಸಿವೂ 2011ರದ್ದೇ.

ನಿಜವಾದ ಅಂಕಿ ಯಾರ ಬಳಿಯೂ ಇಲ್ಲ ಎನ್ನುವುದು ಸುಳ್ಳು. ಮನೆಯ ಮುಂಗೋಡೆಯ ಮೀಟರ್ ಬೋರ್ಡಿನ ಎದುರು ಒಂದು ನಿಮಿಷ ನಿಂತರೆ ಸಾಕು: ಐದು ಮೀಟರಿದ್ದರೆ ಒಂದು ನೀರಿನ ಮೋಟರಿನದು ಎಂದು ಕಳೆದು ನಾಲ್ಕು ಸಂಸಾರ. ಇದು ಗೊತ್ತಿದ್ದೇ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೀಟರ್ ರೀಡರ್‌ಗಳನ್ನು ಮುಂದೆ ಕಳಿಸಿ ಮನೆಮನೆಗೆ ಸ್ಟಿಕ್ಕರ್ ಅಂಟಿಸಿದರು. ಹಿಂದೆ ಬಂದ ಮೇಷ್ಟ್ರಿಗೆ ಆ್ಯಪ್ ತೋರಿಸಿದ ಮನೆ ಒಂದು, ಸ್ಟಿಕ್ಕರ್ ಇದ್ದ ಮನೆ ಇನ್ನೊಂದು ಆದದ್ದು ಬೇರೆ ಮಾತು. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕ ಇನ್ನೂ ಗಟ್ಟಿ. ಯಾವ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು ಎಂಬುದೂ ಅಲ್ಲಿದೆ. ಆದರೆ 400ರಿಂದ 800 ಜನರಿಗೆ ಒಂದು ಅಂಗನವಾಡಿ ಎಂಬ ನಿಯಮದಲ್ಲಿ ಹೊಸದೊಂದು ಕೇಳಬೇಕಾದರೆ ಜನ ಇದ್ದಾರೆಂದು ತೋರಿಸಬೇಕು, ತೋರಿಸುವುದಕ್ಕೆ ಜನಗಣತಿಯ ಅಂಕಿ ಬೇಕು.

ಗಣತಿಗೆ ಮುನ್ನ ಊರುಗಳ ಗಡಿಯನ್ನು ಅಲುಗದಂತೆ ಕಟ್ಟಿಹಾಕುವ ಪದ್ಧತಿ ಇದೆ. ನಡುವೆ ಗೆರೆ ಸರಿದರೆ ಒಂದೇ ಮನೆ ಎರಡು ಕಡೆ ಸೇರುತ್ತದೆ, ಇಲ್ಲವೇ ಎಲ್ಲೂ ಸೇರುವುದಿಲ್ಲ. 2021ರ ಗಣತಿಗೆ ಆ ಗಡುವನ್ನು ಮತ್ತೆ ಮತ್ತೆ ಮುಂದೂಡಿದರು, ಗಣತಿಯನ್ನೂ ಮುಂದೂಡಿದರು. ಈ ಸಲದ ಗಡುವು 2025ರ ಡಿಸೆಂಬರ್ 31 ಆಗಿತ್ತು. ಕಂದಾಯ ಇಲಾಖೆ, ಪಂಚಾಯಿತಿ, ಪಾಲಿಕೆ ಎಲ್ಲಕ್ಕೂ ಆದೇಶ ತಲುಪಿತು. ಜೆಸಿಬಿಗೆ ಪ್ರತಿ ಹೋದಂತಿಲ್ಲ.

ಗಣತಿದಾರರು ಕೈಯಲ್ಲಿ ನಕ್ಷೆ ಹಿಡಿದು ‘ಉತ್ತರಕ್ಕೆ ಟ್ರಾನ್ಸ್‌ಫಾರ್ಮರ್, ದಕ್ಷಿಣಕ್ಕೆ ಆಲದ ಮರ’ ಎಂದು ಹುಡುಕುವ ಹೊತ್ತಿಗೆ ಆಲದ ಮರ 40 ಅಡಿ ರಸ್ತೆಯಾಗಿರುತ್ತದೆ. ಅದರಾಚೆಯ ಹೊಲದಲ್ಲಿ ಗಡಿಕಲ್ಲು ನೆಟ್ಟು, ಸುಣ್ಣ ಬಳಿದು, ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿರುತ್ತಾರೆ. 1ರಿಂದ 214, ನಡುವೆ ಮೂಲೆ ಸೈಟಿಗೆ 17ಎ. ಒಂದೂ ಬಿಟ್ಟುಹೋಗಿರುವುದಿಲ್ಲ.